ಬೇಕರಿಗೆ ಹತ್ತು ದಿನ ರಜೆ ಹಾಕಿ ಡಾರ್ಜಿಲಿಂಗ್‌ಗೆ ಹೋಗಬೇಕು, ದುಡ್ಡು ಕೂಡಿಡುವುದು ಹೇಗೆ?

ಬೆಣ್ಣೆಬನ್ · ಮೇ 11, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನಾನು ಚನ್ನರಾಯಪಟ್ಟಣದ ಕಡೆಯವನು. ದಾವಣಗೆರೆಯಲ್ಲಿ ಬೇಕರಿ ಇಟ್ಟು ಹದಿನಾಲ್ಕು ವರ್ಷ ಆಯಿತು. ಹಾಸನ ಜಿಲ್ಲೆಯವರು ಎಲ್ಲಿ ಹೋದರೂ ಬೇಕರಿನೇ ಇಡುತ್ತಾರೆ ಅಂತ ನಗಬೇಡಿ, ನಮ್ಮ ಮನೆಯಲ್ಲೇ ಐದು ಜನ ಇದ್ದೇವೆ.

ನಮ್ಮ ಓವನ್ ಪಕ್ಕದ ಗೋಡೆಯಲ್ಲಿ ಮೈದಾ ಸಪ್ಲೈ ಮಾಡುವವರು ಕೊಟ್ಟ ಒಂದು ಹಳೇ ಕ್ಯಾಲೆಂಡರ್ ಇದೆ. ಅದರ ವರ್ಷ ಮುಗಿದು ಯಾವ ಕಾಲ ಆಯಿತೋ. ಚಿತ್ರಕ್ಕೋಸ್ಕರ ನನ್ನ ಹೆಂಡತಿ ಅದನ್ನು ತೆಗೆಯಲು ಬಿಟ್ಟಿಲ್ಲ. ಹಿಂದೆ ಬೆಳ್ಳಗಿನ ಬೆಟ್ಟ, ಮುಂದೆ ಹೊಗೆ ಬಿಡುತ್ತಾ ಬರುವ ಪುಟಾಣಿ ರೈಲು. ಡಾರ್ಜಿಲಿಂಗ್. ಎಣ್ಣೆ ಜಿಡ್ಡು ಹತ್ತಿ ಬೆಟ್ಟ ಈಗ ಹಳದಿಯಾಗಿದೆ. ಮದುವೆ ಆದಮೇಲೆ ಧರ್ಮಸ್ಥಳ, ಊರ ಜಾತ್ರೆ, ನೆಂಟರ ಮದುವೆ ಬಿಟ್ಟು ನಾವು ಎಲ್ಲಿಗೂ ಹೋಗಿಲ್ಲ. ಮಗಳು ಈಗ ಏಳನೇ ಕ್ಲಾಸು, ಮಗ ನಾಲ್ಕನೇದು. ಅವಳು ಎಸ್ಸೆಸ್ಸೆಲ್ಸಿಗೆ ಬರುವ ಮೊದಲು ಒಂದು ಸಲ ಹೋಗಿ ಬರಬೇಕು ಅಂತ ಆಸೆ.

ಹಿಂದೆ ಎರಡು ಸಲ ಕೂಡಿಟ್ಟಿದ್ದೆವು. ಮೊದಲ ಸಲ ರವೆ ಡಬ್ಬದಲ್ಲಿ 22,000. ತಮ್ಮನ ಮನೆ ಗೃಹಪ್ರವೇಶದ ಮುಯ್ಯಿಗೆ ಹೋಯಿತು. ಎರಡನೇ ಸಲ ಬ್ಯಾಂಕ್ ಖಾತೆಯಲ್ಲಿ 35,000. ಆ ವರ್ಷ ಕೇಕ್ ಇಡುವ ಗಾಜಿನ ಫ್ರಿಜ್ ಕೆಟ್ಟಿತು. ನಮ್ಮದು ದಿನಾ ಬರುವ ದುಡ್ಡು, ದಿನಾ ಹೋಗುವ ದುಡ್ಡು. ಗಲ್ಲಾಪೆಟ್ಟಿಗೆಯಲ್ಲಿ ಮನೆಯದು ಯಾವುದು, ಅಂಗಡಿಯದು ಯಾವುದು ಅಂತ ಗೆರೆ ಇಲ್ಲ.

ಪ್ಯಾಕೇಜ್ ಕೇಳಿ ನೋಡಿದೆ. ನಾಲ್ಕು ಜನಕ್ಕೆ ಎರಡು ಲಕ್ಷದ ಮೇಲೆ ಹೇಳಿದರು. ಮುಂದಿನ ವರ್ಷ ದಸರಾ ರಜೆಗೆ ಹೋಗಬೇಕು ಅಂತ ಯೋಚನೆ. ನಿಮ್ಮಲ್ಲಿ ಯಾರಾದರೂ ಹೀಗೆ ಕೂಡಿಟ್ಟು ಹೋಗಿ ಬಂದವರಿದ್ದರೆ ಹೇಳಿ.

ರಾತ್ರಿಪಾಳಿ · ಮೇ 11, ರಾತ್ರಿ 11:35

ಅಣ್ಣ, ಹದಿನಾಲ್ಕು ವರ್ಷ ಕಾದಿದ್ದು ಸಾಲದಾ? ಒಂದೂವರೆ ಲಕ್ಷ ಪರ್ಸನಲ್ ಲೋನ್ ತಗೊಳ್ಳಿ, ಈ ವರ್ಷನೇ ಹೋಗಿ ಬನ್ನಿ. ಆಮೇಲೆ ಕಂತು ಕಟ್ಟಿಕೊಂಡು ಹೋದರಾಯಿತು. ಮಕ್ಕಳು ಕಾಯುವುದಿಲ್ಲ, ಬೆಳೆದುಬಿಡುತ್ತಾರೆ. ನಾನು ಹೋದ ವರ್ಷ ಮನಾಲಿಗೆ ಹಾಗೇ ಹೋಗಿದ್ದು.

ಲೆಕ್ಕದಪುಸ್ತಕ · ಮೇ 12, ಬೆಳಿಗ್ಗೆ 6:15

ರಾತ್ರಿಪಾಳಿಯವರೇ, ಒಂದೂವರೆ ಲಕ್ಷಕ್ಕೆ ನೂರಕ್ಕೆ 14ರ ಬಡ್ಡಿ, ಎರಡು ವರ್ಷ ಅಂದರೆ ತಿಂಗಳಿಗೆ 7,200 ಕಂತು. ಕಟ್ಟಿ ಮುಗಿಸುವಾಗ ಒಟ್ಟು 1,72,800 ಆಗಿರುತ್ತದೆ. ಬಡ್ಡಿಯೇ ಹತ್ತಿರ ಹತ್ತಿರ 23,000. ಅದರಲ್ಲಿ ಇವರ ಮೂರು ಜನರ ವಿಮಾನದ ಟಿಕೆಟ್ ಬರುತ್ತದೆ, ಒಂದು ಕಡೆಯದು. ಸಂಬಳದವರಿಗೆ ಕಂತು ನಡೆಯುತ್ತದೆ. ಮಳೆ ಬಂದರೆ ವ್ಯಾಪಾರ ಅರ್ಧ ಆಗುವವರಿಗೆ ನಾನಂತೂ ಹೇಳಲಾರೆ.

ಬೆಣ್ಣೆಬನ್ ಅವರೇ, ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಿಯಾದವನು, ಕುಂದಾಪುರದವನು. ನಿಮ್ಮ ಬರಹದಲ್ಲಿ ಒಂದು ಖರ್ಚು ಕಾಣಿಸಲೇ ಇಲ್ಲ. ಹತ್ತು ದಿನ ಅಂಗಡಿ ಮುಚ್ಚುತ್ತೀರಿ. ಬಾಡಿಗೆ ನಿಲ್ಲುವುದಿಲ್ಲ. ಹುಡುಗರ ಸಂಬಳ? ಅದನ್ನು ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. ಎಷ್ಟು ಅಂತ ಬರೆಯಿರಿ, ಆಮೇಲೆ ಲೆಕ್ಕ ಹಾಕೋಣ.

ಬೆಣ್ಣೆಬನ್ · ಮೇ 12, ಮಧ್ಯಾಹ್ನ 2:20

ಸರ್, ನಿಜವಾಗಲೂ ಅದನ್ನು ಯೋಚನೆ ಮಾಡಿರಲಿಲ್ಲ. ಬಾಡಿಗೆ ತಿಂಗಳಿಗೆ 18,000. ಇಬ್ಬರು ಹುಡುಗರಿದ್ದಾರೆ. ಒಬ್ಬನಿಗೆ ದಿನಕ್ಕೆ 700, ಇನ್ನೊಬ್ಬನಿಗೆ 600. ರಜೆಯಲ್ಲಿ ಸಂಬಳ ಕೊಡದಿದ್ದರೆ ಬೇರೆ ಬೇಕರಿಯವರು ಕರೆದುಕೊಂಡು ಹೋಗಿಬಿಡುತ್ತಾರೆ. ಒಳ್ಳೆ ಹುಡುಗರು ಸಿಗುವುದು ಕಷ್ಟ.

ಮಲೆನಾಡಮಳೆ · ಮೇ 12, ಸಂಜೆ 5:05

ಯಾಕೆ ಅಷ್ಟು ದೂರ ಮಾರಾಯರೇ? ನಮ್ಮ ಮುಳ್ಳಯ್ಯನಗಿರಿ ನಿಮಗೆ ಮೂರು ನಾಲ್ಕು ಗಂಟೆ ದಾರಿ. ಮಂಜು ಬೇಕಾದಷ್ಟಿದೆ, ದುಡ್ಡೂ ಉಳಿಯುತ್ತದೆ.

ತೀಸ್ತಾದಂಡೆ · ಮೇ 12, ರಾತ್ರಿ 8:40

ಮಲೆನಾಡಮಳೆ ಅವರೇ, ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ್ದು. ಡಾರ್ಜಿಲಿಂಗ್ ಪಕ್ಕದ ಘುಮ್ ರೈಲ್ವೆ ಸ್ಟೇಷನ್ 2,258 ಮೀಟರ್. ಅಂದರೆ ಅಲ್ಲಿ ಟೀ ಕುಡಿಯುತ್ತಾ ಪ್ಲಾಟ್‌ಫಾರ್ಮ್ ಮೇಲೆ ನಿಂತವನು ನಮ್ಮ ಅತಿ ಎತ್ತರದ ಬೆಟ್ಟಕ್ಕಿಂತ ಮೇಲೆ ನಿಂತಿರುತ್ತಾನೆ. ನಿಮ್ಮ ಬೆಟ್ಟದ ಮೇಲೆ ನನಗೂ ಪ್ರೀತಿ ಇದೆ. ಆದರೆ ಆ ಅಕ್ಕ ಇಷ್ಟು ವರ್ಷ ನೋಡಿದ್ದು ಬೇರೆ ಚಿತ್ರ ಅಲ್ವಾ.

ನಾನು ಬೆಳಗಾವಿಯವನು, ಕೆಲಸದ ಮೇಲೆ ಡಾರ್ಜಿಲಿಂಗ್ ಬೆಟ್ಟದ ಬುಡದ ಸಿಲಿಗುರಿಯಲ್ಲಿದ್ದೇನೆ, ನಾಲ್ಕು ವರ್ಷದಿಂದ. ಬೆಣ್ಣೆಬನ್ ಅಣ್ಣ, ಮೊದಲು ಒಂದು ಮಾತು. ದಸರಾ ರಜೆಗೆ ದಯವಿಟ್ಟು ಬರಬೇಡಿ. ನಮ್ಮ ದಸರಾ ಅಂದರೆ ಇವರ ದುರ್ಗಾಪೂಜೆ. ಕೋಲ್ಕತ್ತಾ ಅರ್ಧಕ್ಕರ್ಧ ಬೆಟ್ಟ ಹತ್ತುತ್ತದೆ. ಪೂಜೆಯಿಂದ ಹಿಡಿದು ದೀಪಾವಳಿ ಹೊತ್ತಿಗೆ ಬರುವ ಕಾಳಿಪೂಜೆವರೆಗೆ ರೂಮು ಸಿಗುವುದೇ ಕಷ್ಟ, ಸಿಕ್ಕರೂ ಬೇರೆ ದಿನದ ಎರಡರಷ್ಟು ಕೇಳುತ್ತಾರೆ. ಜೀಪಿನವರೂ ಅಷ್ಟೇ. ಊರೊಳಗೆ ಒಂದು ಕಿಲೋಮೀಟರ್ ಹೋಗಲು ಅರ್ಧ ಗಂಟೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಸಿಕ್ಕಿಂಗೆ ಹೋಗುವ ಹೆದ್ದಾರಿ ತೀಸ್ತಾ ನದಿ ಪಕ್ಕದಲ್ಲೇ ಇದೆ, ಮಣ್ಣು ಕುಸಿದು ಆಗಾಗ ಬಂದ್ ಆಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಮೇಲೆ ಹಿಮದ ಸರೋವರ ಒಡೆದು ಈ ನದಿ ಮಾಡಿದ ಹಾವಳಿ ನೆನಪಿರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಹೂವು ಚೆಂದ, ಆದರೆ ಮಬ್ಬು ಜಾಸ್ತಿ, ಕಾಂಚನಜುಂಗಾ ಮುಖ ತೋರಿಸುವುದು ಕಡಿಮೆ. ಬೆಟ್ಟ ನೋಡಲಿಕ್ಕೇ ಬರುವುದಾದರೆ ದೀಪಾವಳಿ ಕಳೆದು, ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದ ಒಳಗೆ ಬನ್ನಿ. ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಚಳಿ ಇದೆ, ಅದಕ್ಕೆ ಸ್ವೆಟರ್ ಇದೆ.

ಬೆಣ್ಣೆಬನ್ · ಮೇ 12, ರಾತ್ರಿ 11:10

ತೀಸ್ತಾದಂಡೆ ಅವರೇ, ನೀವು ಹೇಳಿದ್ದು ಓದಿ ಇಬ್ಬರೂ ನಕ್ಕೆವು. ಯಾಕೆ ಗೊತ್ತಾ? ನಮಗೂ ದಸರಾ ಆಗುವುದಿಲ್ಲ. ಆಯುಧಪೂಜೆಗೆ ಬೂಂದಿ, ಸ್ವೀಟ್ ಆರ್ಡರ್. ದೀಪಾವಳಿಗೆ ಮತ್ತೆ ಸ್ವೀಟ್ ಬಾಕ್ಸ್. ಡಿಸೆಂಬರ್ ಕೊನೆಗೆ ಹೊಸ ವರ್ಷದ ಕೇಕು, ಆಗ ನಿದ್ದೆನೇ ಇಲ್ಲ. ನಿಜಕ್ಕೂ ವ್ಯಾಪಾರ ಮಂಕಾಗಿರುವುದು ದೀಪಾವಳಿ ಆದಮೇಲೆ ಒಂದು ಮೂರು ವಾರ. ಜನರ ಹತ್ತಿರ ದುಡ್ಡೂ ಇರುವುದಿಲ್ಲ, ಮನೆಯಲ್ಲಿ ಸ್ವೀಟೂ ಮುಗಿದಿರುವುದಿಲ್ಲ. ಮಕ್ಕಳ ಶಾಲೆಯಲ್ಲಿ ಒಂದು ವಾರ ರಜೆ ಕೇಳಬೇಕು, ಅಷ್ಟೇ. ಹಾಗಾದರೆ ಮುಂದಿನ ವರ್ಷ ನವೆಂಬರ್. ಹದಿನೆಂಟು ತಿಂಗಳು ಇದೆ.

ಲೆಕ್ಕದಪುಸ್ತಕ · ಮೇ 13, ಬೆಳಿಗ್ಗೆ 6:40

ತಾರೀಖು ಸಿಕ್ಕಿತಲ್ಲ, ಈಗ ಕೆಲಸ ಸುಲಭ. ನಾನು ನೋಡಿದ ಹಾಗೆ "ದುಡ್ಡು ಆದಮೇಲೆ ಹೋಗೋಣ" ಅಂದವರಲ್ಲಿ ಹೋದವರು ಕಡಿಮೆ. ತಿಂಗಳು ಗೊತ್ತು ಮಾಡಿಕೊಂಡವರು ಹೋಗಿದ್ದಾರೆ.

ಒರಟು ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ಸಿಲಿಗುರಿಯವರು ತಿದ್ದಲಿ. ಹೋಗುವಾಗ ರೈಲು, ಬರುವಾಗ ವಿಮಾನ ಇಟ್ಟುಕೊಳ್ಳಿ. ಮಕ್ಕಳಿಗೆ ಎರಡೂ ಆಗುತ್ತದೆ, ಬರುವಾಗ ಸುಸ್ತೂ ಇರುವುದಿಲ್ಲ. ಬೆಂಗಳೂರಿನಿಂದ ಗುವಾಹಟಿಗೆ ಹೋಗುವ ರೈಲು ಸಿಲಿಗುರಿ ಪಕ್ಕದ ನ್ಯೂ ಜಲಪಾಯ್‌ಗುರಿ ಸ್ಟೇಷನ್ ಮೇಲೆ ಹೋಗುತ್ತದೆ, ದಿನಾ ಇಲ್ಲ. ಥರ್ಡ್ ಎಸಿಗೆ ತಲೆಗೆ 3,000 ಹಿಡಿದರೆ ನಾಲ್ಕು ಜನಕ್ಕೆ 12,000. ಸಿಲಿಗುರಿ ಹತ್ತಿರದ ಬಾಗ್ಡೋಗ್ರಾದಿಂದ ಬೆಂಗಳೂರಿಗೆ ವಿಮಾನ ತಲೆಗೆ 8,000 ಹಿಡಿಯಿರಿ, 32,000. ಏಳು ರಾತ್ರಿ ರೂಮು, 2,500ರಂತೆ 17,500. ಗಾಡಿ 25,000. ಊಟ ತಿಂಡಿ 12,000. ಪುಟಾಣಿ ರೈಲು, ಪರ್ಮಿಟ್ಟು, ಟಿಕೆಟ್ಟು ಅಂತ 10,000. ಸ್ವೆಟರ್, ಶೂ 6,000. ಈಗ ನಿಮ್ಮ ಅಂಗಡಿ: ಹತ್ತು ದಿನದ ಬಾಡಿಗೆ 6,000, ಹುಡುಗರಿಗೆ 13,000. ಕೈಯಲ್ಲಿ ಮೇಲು ಖರ್ಚಿಗೆ 10,000.

ಒಟ್ಟು 1,43,500. ಹದಿನೆಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,000. ನೀವು ತಿಂಗಳ ಲೆಕ್ಕ ನೋಡಿ ಹೆದರಬೇಡಿ. ದಿನಕ್ಕೆ 270.

ದಿನಾ ಬರುವ ದುಡ್ಡಿಗೆ ದಿನಾ ಕಟ್ಟುವ ಉಪಾಯ ನಮ್ಮ ಕರಾವಳಿಯವರು ಯಾವತ್ತೋ ಮಾಡಿದ್ದಾರೆ. ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು, ಆಗ ಆ ಬ್ಯಾಂಕಿಗೆ ಇನ್ನೂ ಆ ಹೆಸರು ಬಂದಿರಲಿಲ್ಲ. ಡಾ. ಟಿ.ಎಂ.ಎ. ಪೈ ಅವರು ತಂದ ಯೋಜನೆ. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಸಿಂಡಿಕೇಟ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು, ಆದರೆ ಪಿಗ್ಮಿ ಅನ್ನುವ ಪದ ಮಾತ್ರ ಕರ್ನಾಟಕದ ಪ್ರತಿ ಪೇಟೆಬೀದಿಯಲ್ಲೂ ಉಳಿದಿದೆ. ನಿಮ್ಮ ಬೀದಿಗೂ ಯಾರಾದರೂ ಬರುತ್ತಿರಬೇಕು.

ದೊಡ್ಡಪೇಟೆ · ಮೇ 13, ಬೆಳಿಗ್ಗೆ 9:30

ಪಿಗ್ಮಿಗೆ ಬಡ್ಡಿ ಎಲ್ಲಿದೆ ಸರ್? ಅದರ ಬದಲು ಚೀಟಿ ಹಾಕಲಿ. ನಾನು ಹೋದ ಸಲ ಒಂದು ಲಕ್ಷದ ಚೀಟಿ ಹಾಕಿದ್ದೆ, ಇಪ್ಪತ್ತು ಜನ, ಇಪ್ಪತ್ತು ತಿಂಗಳು. ಯಾವ ತಿಂಗಳೂ ಪೂರ್ತಿ 5,000 ಕಟ್ಟಲಿಲ್ಲ, ಹರಾಜು ಕೂಗಿನಲ್ಲಿ ಚೀಟಿ ಎತ್ತುವವರು ಬಿಟ್ಟುಕೊಟ್ಟದ್ದು ಎಲ್ಲರಿಗೂ ಹಂಚಿಕೆ ಆಗುತ್ತದೆ. ಕೊನೆಯಲ್ಲಿ ಎತ್ತಿದೆ, ಲಾಭವೇ ಆಯಿತು.

ಗಿರಣಿಚಾಳು · ಮೇ 13, ಬೆಳಿಗ್ಗೆ 10:45

ನಿಮ್ಮದು ಕೊನೆವರೆಗೂ ನಡೆಯಿತು, ಅದೃಷ್ಟ. ನಮ್ಮ ಬೀದಿಯಲ್ಲಿ ಹನ್ನೊಂದನೇ ತಿಂಗಳಿಗೆ ಚೀಟಿ ನಡೆಸುವವರ ಮನೆಗೆ ಬೀಗ. ನನ್ನದು 52,000 ಹೋಯಿತು. ಅದೂ ಒಂದು ಟೂರಿಗೆ ಅಂತಲೇ ಕೂಡಿಸಿದ್ದು, ಅಪ್ಪ ಅಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗಲು. ಪೊಲೀಸ್ ಸ್ಟೇಷನ್‌ನಲ್ಲಿ ಕಾಗದ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಒಂದು ಪಾಕೆಟ್ ಡೈರಿ.

ಲೆಕ್ಕದಪುಸ್ತಕ · ಮೇ 13, ಮಧ್ಯಾಹ್ನ 12:10

ಗಿರಣಿಚಾಳು ಅವರೇ, ಕೇಳಿ ಬೇಜಾರಾಯಿತು.

ಚೀಟಿ ಕೆಟ್ಟದ್ದಲ್ಲ. ಅದಕ್ಕೆ ಕಾನೂನೇ ಇದೆ, 1982ರದ್ದು. ಸರಿಯಾದ ಚೀಟಿ ಅಂದರೆ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಿರಬೇಕು, ನಿಮ್ಮ ಕೈಗೆ ಒಪ್ಪಂದದ ಕಾಗದ ಬರಬೇಕು, ನಡೆಸುವವರ ಕಮಿಷನ್ ನೂರಕ್ಕೆ 7ಕ್ಕಿಂತ ಜಾಸ್ತಿ ಇರಬಾರದು. ರಾಜ್ಯ ಸರ್ಕಾರದ ಎಂಎಸ್‌ಐಎಲ್‌ನವರೂ ಚೀಟಿ ನಡೆಸುತ್ತಾರೆ. ಪಕ್ಕದ ಮನೆಯವರ ಡೈರಿ ಚೀಟಿಗೆ ಇವು ಯಾವುದೂ ಇಲ್ಲ. ಮದುವೆಗೋ ಸೈಟಿಗೋ ಚೀಟಿ ಸರಿ, ಯಾಕೆಂದರೆ ನಡುವೆ ಬೇಕಾದಾಗ ಎತ್ತಬಹುದು. ಆದರೆ ಇವರಿಗೆ ಆ "ನಡುವೆ ಎತ್ತುವುದು" ಅನ್ನುವುದೇ ಕಷ್ಟ ಅಲ್ವಾ? ಎರಡು ಸಲ ಎತ್ತಿಯೇ ಟೂರು ಹೋದದ್ದು.

ಬಡ್ಡಿ ವಿಷಯಕ್ಕೆ ಬರೋಣ. ತಿಂಗಳಿಗೆ 8,000ದಂತೆ ಬ್ಯಾಂಕಿನ ಆರ್‌ಡಿಯಲ್ಲಿ ಹದಿನೆಂಟು ತಿಂಗಳು ಕಟ್ಟಿದರೆ, ನೂರಕ್ಕೆ 6.5 ಹಿಡಿದು, ಬಡ್ಡಿ 7,400ರ ಹತ್ತಿರ. ಪಿಗ್ಮಿಗೆ 3 ಕೊಟ್ಟರು ಅಂತಿಟ್ಟುಕೊಳ್ಳಿ, 3,400. ವ್ಯತ್ಯಾಸ 4,000. ಆ 4,000 ದಿನಾ ಸಂಜೆ ನಿಮ್ಮ ಗಲ್ಲದ ಮುಂದೆ ಬಂದು "ಕೊಡಿ ಅಣ್ಣ" ಅಂತ ನಿಲ್ಲುವವನ ಕೂಲಿ ಅಂದುಕೊಳ್ಳಿ. ಸಂಬಳದವರಿಗೆ ನಾನು ಆರ್‌ಡಿನೇ ಹೇಳುತ್ತಿದ್ದೆ. ಅಂಚೆ ಕಚೇರಿ ಆರ್‌ಡಿ ಐದು ವರ್ಷದ್ದು, ನಿಮ್ಮ ಲೆಕ್ಕಕ್ಕೆ ಉದ್ದ ಆಯಿತು.

ಒಂದೇ ಎಚ್ಚರಿಕೆ. ಪಿಗ್ಮಿ ಯಾರದು ಅಂತ ನೋಡಿ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕೂ ಸೇರಿ, ಐದು ಲಕ್ಷದವರೆಗೆ ಠೇವಣಿಗೆ ವಿಮೆ ಇರುತ್ತದೆ. ಬೋರ್ಡಿನಲ್ಲಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಅಂತಿದ್ದರೆ ಆ ವಿಮೆ ಇಲ್ಲ. ಏಜೆಂಟು ಮುಖಪರಿಚಯ ಅಂತ ಪಾಸ್‌ಬುಕ್ ನೋಡದೆ ಇರಬೇಡಿ. ದಿನಾ ಮೆಷಿನ್‌ನ ರಸೀದಿಯೋ ಮೆಸೇಜೋ ಬರಲೇಬೇಕು.

ಸಂಘದಕ್ಕ · ಮೇ 14, ಮಧ್ಯಾಹ್ನ 3:30

ನಾನು ಮಂಡ್ಯ ಕಡೆ ಹಳ್ಳಿಯವಳು. ಇಲ್ಲಿ ಎಲ್ಲರೂ ಲಕ್ಷದ ಲೆಕ್ಕ ಮಾತಾಡುತ್ತಿದ್ದೀರಿ, ನಮ್ಮದು ಸಣ್ಣದು. ನಮ್ಮ ಸ್ತ್ರೀಶಕ್ತಿ ಸಂಘದ ಹನ್ನೊಂದು ಜನ ಕಾಶಿಗೆ ಹೋಗಿ ಬಂದೆವು. ಮುಜರಾಯಿ ಇಲಾಖೆಯ ಕಾಶಿ ದರ್ಶನದ ರೈಲು ಇದೆಯಲ್ಲ, ಅದರಲ್ಲಿ. ನಾವು ಹೋದಾಗ 22,500 ಇತ್ತು, ಅದರಲ್ಲಿ 7,500 ಸರ್ಕಾರದ್ದು, ನಮ್ಮ ಕೈಯಿಂದ 15,000. ಊಟ, ತಿಂಡಿ, ಉಳಿಯುವುದು ಎಲ್ಲಾ ಸೇರಿ. ಕಾಶಿ, ಅಯೋಧ್ಯೆ, ಪ್ರಯಾಗ.

ಗೃಹಲಕ್ಷ್ಮಿ ದುಡ್ಡು ಬಂದ ತಿಂಗಳು ಒಂದು ಸಾವಿರ ಸಂಘದ ಪೆಟ್ಟಿಗೆಗೆ ಹಾಕಬೇಕು ಅಂತ ಕಟ್ಟು ಮಾಡಿದೆವು. ಅದು ಒಂದೊಂದು ಸಲ ತಡವಾಗಿ ಎರಡು ತಿಂಗಳದ್ದು ಒಟ್ಟಿಗೆ ಬರುತ್ತದೆ, ಆಗ ಎರಡು ಸಾವಿರ. ಪೆಟ್ಟಿಗೆಗೆ ಮೂರು ಬೀಗ, ಮೂರು ಮನೆಯಲ್ಲಿ ಮೂರು ಕೀ. ಮೂರು ಜನ ಸೇರದೆ ತೆಗೆಯಲು ಆಗುವುದಿಲ್ಲ. ಒಂದು ಸಲ ಒಬ್ಬಳ ಗಂಡ ಗೊಬ್ಬರಕ್ಕೆ ದುಡ್ಡು ಬೇಕು ಅಂತ ಬಂದರು. ನನ್ನ ಹತ್ತಿರ ಒಂದೇ ಕೀ ಇರುವುದು ಅಂದೆ. ಸುಮ್ನೆ ಹೋದರು.

ಬೇಕರಿ ಅಣ್ಣ, ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಅಕ್ಕನ ಕೈಗೆ ಕೊಡಿ.

ರಾತ್ರಿಪಾಳಿ · ಮೇ 14, ರಾತ್ರಿ 10:15

ಮೂರು ಬೀಗದ ಪೆಟ್ಟಿಗೆ ಮುಂದೆ ನನ್ನ ಲೋನ್ ಐಡಿಯಾ ದಂಡ. ಸರಿ ಅಕ್ಕ, ಸೋತೆ. ಮನಾಲಿ ಕಂತು ಇನ್ನೂ ಒಂಬತ್ತು ಬಾಕಿ ಇದೆ, ನಿಜ ಹೇಳಬೇಕೆಂದರೆ.

ಕೆಲಸದಲ್ಲಿರುವವರಿಗೆ ಒಂದು ಮಾತು: ಸಂಬಳದಲ್ಲಿ ಎಲ್‌ಟಿಎ, ಅಂದರೆ ರಜೆ ಪ್ರಯಾಣದ ಭತ್ಯೆ ಇದ್ದರೆ, ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ, ನಾಲ್ಕು ವರ್ಷದಲ್ಲಿ ಎರಡು ಪ್ರಯಾಣಕ್ಕೆ ವಿನಾಯಿತಿ ಇದೆ. ದೇಶದ ಒಳಗೆ ಮಾತ್ರ, ಟಿಕೆಟ್ ದುಡ್ಡಿಗೆ ಮಾತ್ರ. ಹೋಟೆಲ್ ಬಿಲ್ ಕೊಟ್ಟರೆ ನಗುತ್ತಾರೆ.

ತೀಸ್ತಾದಂಡೆ · ಮೇ 15, ರಾತ್ರಿ 9:00

ಲೆಕ್ಕದಪುಸ್ತಕ ಸರ್ ಲೆಕ್ಕ ಹತ್ತಿರ ಹತ್ತಿರ ಸರಿ ಇದೆ. ಗಾಡಿ ಖರ್ಚಿನಲ್ಲಿ ಉಳಿಸಬಹುದು. ಸಿಲಿಗುರಿಯಿಂದ ಡಾರ್ಜಿಲಿಂಗ್‌ಗೆ, ಅಲ್ಲಿಂದ ಗ್ಯಾಂಗ್ಟಾಕ್‌ಗೆ ಶೇರ್ ಜೀಪ್ ಇವೆ. ತಲೆಗೆ ಇಷ್ಟು ಅಂತ ಕೊಟ್ಟು ಕೂರುವುದು, ನಮ್ಮ ಕಡೆ ಟೆಂಪೋ ಟ್ರ್ಯಾಕ್ಸ್ ಇದ್ದ ಹಾಗೆ. ಹಿಂದಿನ ಸೀಟು ಮಾತ್ರ ಬೇಡ, ತಿರುವಿಗೆ ಮಕ್ಕಳಿಗೆ ವಾಂತಿ ಗ್ಯಾರಂಟಿ.

ಇನ್ನೊಂದು, ಸಿಕ್ಕಿಂನಲ್ಲಿ ಚೀನಾ ಗಡಿಯ ನಾಥುಲಾ ಕಣಿವೆದಾರಿ. ಎಲ್ಲರೂ ಹೋಗಬೇಕು ಅನ್ನುತ್ತಾರೆ. 14,140 ಅಡಿ. ಪರ್ಮಿಟ್ ಬೇಕು, ಸಿಕ್ಕಿಂ ಗಾಡಿಯೇ ಆಗಬೇಕು, ಸೋಮವಾರ ಮಂಗಳವಾರ ಇಲ್ಲ. ವೋಟರ್ ಐಡಿ ಮತ್ತು ಪಾಸ್‌ಪೋರ್ಟ್ ಸೈಜ್ ಫೋಟೋ ಇಟ್ಟುಕೊಂಡಿರಿ, ಆಧಾರ್ ಒಂದನ್ನೇ ನಂಬಿ ಬರಬೇಡಿ. ಮಕ್ಕಳಿಗೆ ಉಸಿರಾಟದ ತೊಂದರೆ ಏನಾದರೂ ಇದ್ದರೆ ಅಷ್ಟು ಮೇಲೆ ಬೇಡವೇ ಬೇಡ.

ಪುಟಾಣಿ ರೈಲಿನ ವಿಷಯ. ನ್ಯೂ ಜಲಪಾಯ್‌ಗುರಿಯಿಂದ ಡಾರ್ಜಿಲಿಂಗ್‌ವರೆಗೆ 88 ಕಿಲೋಮೀಟರ್, ಪೂರ್ತಿ ಅದರಲ್ಲೇ ಹೋಗುತ್ತೇನೆ ಅಂದರೆ ಇಡೀ ದಿನ ಬೇಕು. ಹೋದವರು ಅರ್ಧ ದಾರಿಗೆ ಬೇಜಾರಾಗುತ್ತಾರೆ. ಡಾರ್ಜಿಲಿಂಗ್‌ನಿಂದ ಘುಮ್‌ಗೆ ಹೋಗಿ ವಾಪಸ್ ಬರುವ ಎರಡು ಗಂಟೆಯ ಜಾಯ್‌ರೈಡ್ ಸಾಕು. ಡೀಸೆಲ್‌ದು ಕಡಿಮೆ, ಸ್ಟೀಮ್ ಎಂಜಿನ್‌ದು ಜಾಸ್ತಿ, ತಲೆಗೆ 1,500ರ ಆಸುಪಾಸು ಹಿಡಿಯಿರಿ. ಇಲ್ಲಿ ಉಳಿಸಬೇಡಿ ಅಣ್ಣ. ಕ್ಯಾಲೆಂಡರ್‌ನಲ್ಲಿ ಹೊಗೆ ಇದೆ ಅಂದಿದ್ದೀರಿ. 1881ರಿಂದ ಓಡುತ್ತಿರುವ ರೈಲು, ಹಳಿಗಳ ನಡುವೆ ಎರಡೇ ಅಡಿ, ಅಂಗಡಿಗಳ ಬಾಗಿಲಿಗೆ ಒರೆಸಿಕೊಂಡು ಹೋಗುತ್ತದೆ. ಬಟಾಸಿಯಾ ಅನ್ನುವ ಕಡೆ ಸುತ್ತು ಹಾಕುವಾಗ ಹಿಂದೆ ಬೆಟ್ಟ ಕಾಣುತ್ತದೆ. ನಿಮ್ಮ ಚಿತ್ರ ಅಲ್ಲಿಯದೇ ಇರಬೇಕು.

ಬೆಣ್ಣೆಬನ್ · ಮೇ 16, ರಾತ್ರಿ 11:00

ಓದಿ ಹೇಳಿದೆ. ಅವಳು ಸಂಘದಕ್ಕನ ಮಾತಿಗೆ ಬಹಳ ಖುಷಿಪಟ್ಟಳು. ನಮ್ಮ ಬೀದಿಗೆ ಸಹಕಾರಿ ಬ್ಯಾಂಕಿನ ಪಿಗ್ಮಿಯವರು ಬರುತ್ತಾರೆ. ಇವತ್ತಿಂದ ಶುರು, ಖಾತೆ ಅವಳ ಹೆಸರಲ್ಲಿ. ದಿನಕ್ಕೆ 270. ಭಾನುವಾರ ಅವರು ಬರುವುದಿಲ್ಲ, ಶನಿವಾರವೇ ಡಬಲ್. ಮಗ ಮೊದಲ ರಸೀದಿಯನ್ನು ಕ್ಯಾಲೆಂಡರ್ ಮೇಲೆ ಅಂಟಿಸಿದ್ದಾನೆ, ಬೆಟ್ಟದ ಮೇಲೇ.

ಬೆಣ್ಣೆಬನ್ · ನವೆಂಬರ್ 27, ರಾತ್ರಿ 11:40

ಬಹಳ ದಿನ ಆಯಿತು. ಆರು ತಿಂಗಳಲ್ಲಿ 52,000 ಚಿಲ್ಲರೆ ಆಗಿದೆ. ಆದರೆ ಇವತ್ತು ಹಿಟ್ಟು ಕಲಸುವ ಮಿಕ್ಸರ್ ಮೋಟಾರ್ ಸುಟ್ಟಿತು. ಹೊಸದಕ್ಕೆ 14,000. ನಾನು ಪಾಸ್‌ಬುಕ್ ಕೇಳಿದೆ. ಎಲ್ಲಿಟ್ಟಿದ್ದೇನೆ ಅಂತ ನೆನಪಿಲ್ಲ ಅಂದಳು. ಅವಳಿಗೆ ನಮ್ಮ ಅಂಗಡಿಯ ಹದಿನಾಲ್ಕು ವರ್ಷದ ಬಾಕಿ ಲೆಕ್ಕ ಬಾಯಲ್ಲಿ ನೆನಪಿದೆ!

ಜಗಳವೇ ಆಯಿತು. ಎರಡು ದಿನ ಕೈಯಲ್ಲೇ ನಾದಿದರಾಯಿತು ಅಂತ ಅವಳೇ ತೋಳು ಮಡಚಿ ನಿಂತಳು.

ಲೆಕ್ಕದಪುಸ್ತಕ · ನವೆಂಬರ್ 28, ಬೆಳಿಗ್ಗೆ 6:05

ಅವರು ಮಾಡಿದ್ದು ಸರಿ. ಒಂದು ವರ್ಷದ ಒಳಗೆ ತೆಗೆದರೆ ಸಾಮಾನ್ಯವಾಗಿ ಬಡ್ಡಿ ಸಿಗುವುದಿಲ್ಲ, ಮೇಲೆ ಕಮಿಷನ್ ಬೇರೆ ಹಿಡಿಯುತ್ತಾರೆ. ತಪ್ಪು ನನ್ನದೂ ಇದೆ. ಅಂಗಡಿಯ ರಿಪೇರಿಗೆ ಬೇರೆ ಒಂದು ಗಂಟು ಇಡಿ ಅಂತ ಅವತ್ತೇ ಹೇಳಬೇಕಿತ್ತು. ಅದಿಲ್ಲದಿದ್ದರೆ ಕೆಟ್ಟ ಪ್ರತಿ ಯಂತ್ರವೂ ಟೂರಿನ ದುಡ್ಡನ್ನೇ ಹುಡುಕಿಕೊಂಡು ಬರುತ್ತದೆ. ದಿನಕ್ಕೆ 50 ಆದರೂ ಸಾಕು, ಬೇರೆ ಖಾತೆ. ಈಗ ಮೈದಾದವರ ಹತ್ತಿರ ಒಂದು ತಿಂಗಳು ಸಾಲ ಹೇಳಿ, ಆ ದುಡ್ಡಲ್ಲಿ ಮೋಟಾರ್ ಹಾಕಿಸಿ. ಹೊಸ ವರ್ಷದ ಕೇಕಿನಲ್ಲಿ ತೀರಿಸಬಹುದು.

ಸಂಘದಕ್ಕ · ನವೆಂಬರ್ 28, ಮಧ್ಯಾಹ್ನ 1:00

ಅಕ್ಕನಿಗೆ ನನ್ನ ಕಡೆಯಿಂದ ಒಂದು ಸೀರೆ.

ಬೆಣ್ಣೆಬನ್ · ಜನವರಿ 4, ರಾತ್ರಿ 9:30

ಮೈದಾದವರ ಬಾಕಿ ತೀರಿತು. ಕೇಕಿನ ಲಾಭದಲ್ಲಿ ಇನ್ನೂ 12,000 ಉಳಿದಿತ್ತು, ಅದನ್ನೂ ಅವಳ ಖಾತೆಗೆ ಹಾಕಿದೆ. ಪಾಸ್‌ಬುಕ್ ಸಿಕ್ಕಿತಂತೆ, ಅಕ್ಕಿ ಡ್ರಮ್ಮಿನ ತಳದಲ್ಲಿ.

ಬೆಣ್ಣೆಬನ್ · ಸೆಪ್ಟೆಂಬರ್ 19, ರಾತ್ರಿ 10:10

ಟಿಕೆಟ್ ಆಯಿತು! ರೈಲಿನದು 60 ದಿನ ಮುಂಚೆ ಮಾತ್ರ ತೆರೆಯುತ್ತದೆ ಅಂತ ಗೊತ್ತಿತ್ತು. ನಿನ್ನೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಗಳು ಮೊಬೈಲ್ ಹಿಡಿದು ಕೂತಿದ್ದಳು. ನಾಲ್ಕೂ ಒಂದೇ ಕಡೆ ಸಿಕ್ಕಿದೆ. ವಿಮಾನದ್ದು ತಿಂಗಳ ಹಿಂದೆಯೇ ಮಾಡಿಸಿದ್ದೆವು, ತಲೆಗೆ 7,400. ಲೆಕ್ಕದಪುಸ್ತಕ ಸರ್ ಹಿಡಿದದ್ದಕ್ಕಿಂತ ಕಡಿಮೆ.

ಮಗನಿಗೆ ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ ಇದೆ, ಹಾಗಾಗಿ ನಾಥುಲಾ ಬಿಟ್ಟೆವು. ಗ್ಯಾಂಗ್ಟಾಕ್ ಎರಡು ರಾತ್ರಿ, ಉಳಿದದ್ದೆಲ್ಲ ಡಾರ್ಜಿಲಿಂಗ್. ಶೇರ್ ಜೀಪ್. ಸ್ಟೀಮ್ ಎಂಜಿನ್. ಬಾಡಿಗೆಯದು, ಹುಡುಗರದು ಎಲ್ಲಾ ಬೇರೆ ಕವರ್‌ನಲ್ಲಿ ಹಾಕಿಟ್ಟಿದ್ದಾಳೆ. ಹುಡುಗರಿಗೆ ಹೇಳಿದಾಗ ಅವರೂ ಊರಿಗೆ ಹೋಗಿ ಬರುತ್ತೇವೆ ಅಂತ ಖುಷಿಯಾದರು.

ಈಗ ಒಂದೇ ತಲೆಬಿಸಿ. ಷಟರ್ ಮೇಲೆ ಏನು ಬರೆಯುವುದು? "ಕಾರಣಾಂತರದಿಂದ" ಅಂತ ಬರೆದರೆ ಯಾರೋ ತೀರಿಕೊಂಡರು ಅಂದುಕೊಳ್ಳುತ್ತಾರೆ.

ಮಲೆನಾಡಮಳೆ · ಸೆಪ್ಟೆಂಬರ್ 19, ರಾತ್ರಿ 10:45

"ಮುಳ್ಳಯ್ಯನಗಿರಿಗಿಂತ ಎತ್ತರದ ರೈಲ್ವೆ ಸ್ಟೇಷನ್ ನೋಡಲು ಹೋಗಿದ್ದೇವೆ" ಅಂತ ಬರೆಯಿರಿ. ಅವತ್ತಿಂದ ನನಗೆ ಅದು ತಲೆಯಿಂದ ಹೋಗಿಲ್ಲ.

ತೀಸ್ತಾದಂಡೆ · ಸೆಪ್ಟೆಂಬರ್ 20, ಬೆಳಿಗ್ಗೆ 7:20

ಅಣ್ಣ, ನಾನು ಸ್ಟೇಷನ್‌ಗೆ ಬರುತ್ತೇನೆ. ರೈಲು ಬರುವ ಹೊತ್ತಿಗೆ ರಾತ್ರಿ ಆಗಿರುತ್ತದೆ, ಅವತ್ತು ಸಿಲಿಗುರಿಯಲ್ಲೇ ಉಳಿದು ಬೆಳಿಗ್ಗೆ ಬೆಟ್ಟ ಹತ್ತಿ. ಬೇರೆ ಏನೂ ಬೇಡ, ಬರುವಾಗ ನಿಮ್ಮ ಅಂಗಡಿಯ ಖಾರಾ ಬನ್ ನಾಲ್ಕು ತನ್ನಿ. ಇಲ್ಲಿ ಬಂದಮೇಲೆ ಅದನ್ನು ತಿಂದೇ ಇಲ್ಲ.

ಬೆಣ್ಣೆಬನ್ · ಸೆಪ್ಟೆಂಬರ್ 20, ಮಧ್ಯಾಹ್ನ 2:40

ಎರಡು ರಾತ್ರಿ ರೈಲಿನಲ್ಲಿ ಖಾರಾ ಬನ್ ಉಳಿಯುವುದಿಲ್ಲ ತಮ್ಮಾ, ಈರುಳ್ಳಿ ಹಾಕಿರುತ್ತೇವೆ, ಹಳಸಿಬಿಡುತ್ತದೆ. ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು, ಟೋಸ್ಟ್ ಒಂದು ದೊಡ್ಡ ಡಬ್ಬ ತರುತ್ತೇನೆ. ರವೆ ಡಬ್ಬ ಈಗ ಖಾಲಿ ಇದೆ.